ಹಿಮದ ನಾಡಿನಲ್ಲಿ ಸ್ವಾವಲಂಬನೆ

ಪರರ ಹಂಗಿಲ್ಲದೆ ಬಾಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ತನ್ನ ಅನ್ನವನ್ನು ತಾನೇ ಬೆಳೆದು, ತನ್ನ ಮನೆಯನ್ನು ತಾನೇ ಕಟ್ಟಿ, ತನ್ನ ಒಲೆಗೆ ಬೇಕಾದ ಸೌದೆಯನ್ನು ತಾನೇ ಕಡಿದು ಬದುಕುವವನನ್ನು ಎಲ್ಲ ದೇಶಗಳ ಜನರೂ ಗೌರವದಿಂದ ಕಂಡಿದ್ದಾರೆ. ನಗರಗಳು ಕಿಕ್ಕಿರಿದು, ಬದುಕಿನ ಪ್ರತಿಯೊಂದು ವಸ್ತುವೂ ಅಂಗಡಿಯಿಂದಲೇ ಬರಬೇಕಾದ ಸ್ಥಿತಿ ಒದಗಿದ ಮೇಲೆ ಈ ಆಸೆ ಮತ್ತಷ್ಟು ತೀವ್ರವಾಗಿದೆ. ಸಿರಿವಂತ ರಾಷ್ಟ್ರವಾದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ನಗರವನ್ನು ತೊರೆದು, ದೂರದ ಹಳ್ಳಿಗಾಡಿನಲ್ಲಿ ಹತ್ತಾರು ಎಕರೆ ನೆಲವನ್ನು ಕೊಂಡು, ಅದರ ಫಲದಿಂದಲೇ ಜೀವಿಸಬೇಕೆಂದು ಹಂಬಲಿಸುವ ಕುಟುಂಬಗಳಿವೆ. ಇಂಥವರ ಮುಂದೆ ಏಳುವ ಮೊದಲನೆಯ ಪ್ರಶ್ನೆ ಇದು: ಯಾವ ನಾಡು ಸ್ವಾವಲಂಬಿ ಜೀವನಕ್ಕೆ ತಕ್ಕುದು? ಅದನ್ನು ಅಳೆಯುವ ಬಗೆ ಯಾವುದು?

ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಚರ್ಚಿಸುವುದಕ್ಕಿಂತ ಒಂದು ನಾಡನ್ನೇ ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಮೇಲು. ಅದಕ್ಕೆ ತಕ್ಕ ನಾಡು ಅರೂಸ್ಟುಕ್ ಕೌಂಟಿ. ಕೌಂಟಿಯೆಂದರೆ ಸ್ಥೂಲವಾಗಿ ಜಿಲ್ಲೆ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ಉತ್ತರ ತುದಿಯನ್ನು ಈ ಕೌಂಟಿ ಆವರಿಸಿಕೊಂಡಿದೆ. ಇದರ ಮೂರು ದಿಕ್ಕಿನಲ್ಲಿಯೂ ಕೆನಡಾ ದೇಶವಿದೆ. ರಾಜ್ಯದ ರಾಜಧಾನಿಯಾದ ಅಗಸ್ಟಾದಿಂದ ಕೌಂಟಿಯ ಉತ್ತರದಂಚಿನ ಫೋರ್ಟ್ ಕೆಂಟ್ ಪಟ್ಟಣಕ್ಕೆ ಸುಮಾರು 400 ಕಿಲೋಮೀಟರುಗಳ ದಾರಿ. ಕೌಂಟಿಯ ವಿಸ್ತೀರ್ಣ ಸುಮಾರು 17,600 ಚದರ ಕಿಲೋಮೀಟರು. ಕರ್ನಾಟಕದ ಅತ್ಯಂತ ದೊಡ್ಡ ಜಿಲ್ಲೆಯಾದ ಬೆಳಗಾವಿಯ ವಿಸ್ತೀರ್ಣವೇ 13,415 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷವನ್ನು ಮೀರಿತ್ತು. 2020ರ ಗಣತಿಯಲ್ಲಿ ಅರೂಸ್ಟುಕ್ ಕೌಂಟಿಯಲ್ಲಿದ್ದವರು 67,105 ಮಂದಿ ಮಾತ್ರ. ಊರುಗಳೆಲ್ಲ ಬಹುಮಟ್ಟಿಗೆ ಪೂರ್ವದ ಅಂಚಿನಲ್ಲಿಯೂ ಉತ್ತರದ ಸೇಂಟ್ ಜಾನ್ ನದಿಯ ದಡದಲ್ಲಿಯೂ ಇವೆ. ಪಶ್ಚಿಮ ಭಾಗವೆಲ್ಲ ಕಾಡು.

ಮೇಲುನೋಟಕ್ಕೆ ಈ ನಾಡಿನಲ್ಲಿ ಸ್ವಾವಲಂಬಿಗೆ ಬೇಕಾದುದೆಲ್ಲ ಇದೆ. ರಾಜ್ಯದ ಕಡಲತೀರದ ಕೌಂಟಿಗಳಿಗೆ ಹೋಲಿಸಿದರೆ ಭೂಮಿಯ ಬೆಲೆ ಬಹಳ ಕಡಿಮೆ. ನದಿ, ಹಳ್ಳ, ಸರೋವರಗಳಿಗೆ ಕೊರತೆಯಿಲ್ಲ. ಪೂರ್ವ ಭಾಗದ ಮಣ್ಣು ಸುಣ್ಣದ ಅಂಶವುಳ್ಳ ಶಿಲೆಗಳಿಂದಾದ ಫಲವತ್ತಾದ ಗೋಡುಮಣ್ಣು. ಕಾಡಿನಲ್ಲಿ ಸೌದೆಯೂ ಮನೆ ಕಟ್ಟುವ ಮರವೂ ಧಾರಾಳವಾಗಿವೆ. ವಸಂತದ ಆರಂಭದಲ್ಲಿ ಮೇಪಲ್ ಮರಕ್ಕೆ ಕಚ್ಚು ಹಾಕಿ ರಸವನ್ನಿಳಿಸಿ, ನಲವತ್ತು ಲೀಟರು ರಸವನ್ನು ಕಾಯಿಸಿದರೆ ಒಂದು ಲೀಟರು ಸಿಹಿಪಾಕ ದೊರೆಯುತ್ತದೆ. ಜೂನ್ ತಿಂಗಳಿನಲ್ಲಿ ಹಗಲು ಹದಿನೈದು ಗಂಟೆಗಳಿಗೂ ಮೀರಿದ್ದು ಎಲೆಕೋಸು, ಬಟಾಣಿ, ಬೀಟ್‌ರೂಟ್, ಗಜ್ಜರಿಗಳು ಸೊಂಪಾಗಿ ಬೆಳೆಯುತ್ತವೆ. ಜುಲೈ ತಿಂಗಳಿನಲ್ಲಿ ಈ ನಾಡನ್ನು ಕಂಡವನು ಇದೇ ಸ್ವರ್ಗವೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಆದರೆ ಒಂದು ನಾಡನ್ನು ಅದರ ಒಳ್ಳೆಯ ತಿಂಗಳಿನಿಂದ ಅಳೆಯಬಾರದು. ಅದರ ಕಠಿಣವಾದ ತಿಂಗಳಿನಿಂದ ಅಳೆಯಬೇಕು. ಕ್ಯಾರಿಬೂ ಪಟ್ಟಣದಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 12 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಎರಡೂವರೆ ಮೀಟರುಗಳನ್ನು ಮೀರುತ್ತದೆ. 2009ರ ಜನವರಿ 16ರಂದು ಉತ್ತರದ ಕಾಡಿನಲ್ಲಿರುವ ಬಿಗ್ ಬ್ಲ್ಯಾಕ್ ನದಿಯ ಬಳಿ ಉಷ್ಣತೆ ಸೊನ್ನೆಗಿಂತ 45 ಡಿಗ್ರಿಗಳಿಗೂ ಕೆಳಗಿಳಿದು, ಮೇನ್ ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಉಷ್ಣತೆಯೆಂದು ದಾಖಲಾಯಿತು. ಡಿಸೆಂಬರಿನಲ್ಲಿ ಹಗಲು ಎಂಟೂವರೆ ಗಂಟೆಗಳಿಗೆ ಕುಗ್ಗುತ್ತದೆ. ಮೇ ತಿಂಗಳ ಕೊನೆಯ ಭಾಗದಿಂದ ಸೆಪ್ಟೆಂಬರಿನವರೆಗೆ, ಸುಮಾರು ನೂರ ಇಪ್ಪತ್ತು ದಿನಗಳ ಅವಧಿಯಲ್ಲಿ ಮಾತ್ರ ಪೈರು ಹೆಪ್ಪುಗಟ್ಟುವ ಭಯವಿಲ್ಲದೆ ಬೆಳೆಯಬಲ್ಲುದು. ಈ ನಾಲ್ಕು ತಿಂಗಳ ದುಡಿಮೆಯು ಹನ್ನೆರಡು ತಿಂಗಳ ಹೊಟ್ಟೆಯನ್ನು ಹೊರೆಯಬೇಕು.

ಇದರ ಅರ್ಥವನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಹಾಲಿಗಾಗಿ ಒಂದು ಹಸುವನ್ನು ಸಾಕಿದರೆ ಅದಕ್ಕೆ ಚಳಿಗಾಲದಲ್ಲಿ ದಿನಕ್ಕೆ ಹತ್ತು ಹನ್ನೆರಡು ಕಿಲೋಗ್ರಾಂ ಒಣಹುಲ್ಲು ಬೇಕು. ಹಿಮ ಮುಚ್ಚಿದ ನೆಲದಲ್ಲಿ ಮೇವು ಇಲ್ಲದ ಅವಧಿ ಹೆಚ್ಚು ಕಡಮೆ ಏಳು ತಿಂಗಳು. ಹೀಗೆ ಒಂದೇ ಹಸುವಿಗೆ ಎರಡರಿಂದ ಎರಡೂವರೆ ಟನ್ನು ಹುಲ್ಲನ್ನು ಬೇಸಗೆಯಲ್ಲಿಯೇ ಕೊಯ್ದು, ಮಳೆಗೆ ಸಿಕ್ಕದಂತೆ ಒಣಗಿಸಿ, ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಬೇಕು. ಸೌದೆಯದು ಇನ್ನೊಂದು ಬಗೆ. ಹಸಿಮರ ಹೊಗೆಯಾಡುವುದಲ್ಲದೆ ಶಾಖ ಕೊಡುವುದಿಲ್ಲ. ಈ ಚಳಿಗಾಲಕ್ಕೆ ಉರಿಸುವ ಸೌದೆಯನ್ನು ಹಿಂದಿನ ವರ್ಷವೇ ಕಡಿದು ಸೀಳಿ ಒಣಗಿಸಿರಬೇಕು. ಆದ್ದರಿಂದ ಹೊಸದಾಗಿ ಬಂದು ನೆಲೆಸಿದವನು ಎಷ್ಟೇ ಶ್ರಮಜೀವಿಯಾದರೂ ಮೊದಲನೆಯ ಚಳಿಗಾಲವನ್ನು ತನ್ನ ಸೌದೆಯಿಂದ ಕಳೆಯಲಾರನು. ಅವನು ಬೇರೆಯವರ ಸೌದೆಯನ್ನು ಕೊಳ್ಳಬೇಕು, ಇಲ್ಲವೆ ಪಡೆಯಬೇಕು. ಅರೂಸ್ಟುಕ್ ಕಲಿಸುವ ಮೊದಲನೆಯ ಪಾಠ ಇದೇ.

ಕನ್ನಡ ನಾಡಿನ ಮಲೆನಾಡಿನವರು ಮಳೆಗಾಲ ಹಿಡಿಯುವ ಮುನ್ನ ಸೌದೆ, ಹಪ್ಪಳ, ಉಪ್ಪಿನಕಾಯಿ, ದವಸಗಳನ್ನು ಅಣಿಮಾಡಿಕೊಳ್ಳುತ್ತಿದ್ದುದನ್ನು ಬಲ್ಲವರಿಗೆ ಇಂಥ ಬಾಳು ತೀರ ಅಪರಿಚಿತವಲ್ಲ. ಬಯಲುಸೀಮೆಯ ರೈತರು ಜೋಳ, ರಾಗಿಗಳನ್ನು ನೆಲದೊಳಗಿನ ಹಗೇವುಗಳಲ್ಲಿ ಕಾಪಾಡುತ್ತಿದ್ದಂತೆಯೇ ಅರೂಸ್ಟುಕ್‌ನ ರೈತರು ದಿಣ್ಣೆಯ ಮಗ್ಗುಲನ್ನು ಅಗೆದು, ಅರ್ಧಭಾಗ ನೆಲದೊಳಗೆ ಹುದುಗಿರುವ ಆಲೂಗಡ್ಡೆಯ ಉಗ್ರಾಣಗಳನ್ನು ಕಟ್ಟಿದರು. ಮಣ್ಣಿನ ಹೊದಿಕೆಯಿಂದಾಗಿ ಒಳಗಿನ ಗಡ್ಡೆಗಳು ಹೆಪ್ಪುಗಟ್ಟುವುದೂ ಇಲ್ಲ, ಬೆಚ್ಚಗಾಗಿ ಮೊಳೆಯುವುದೂ ಇಲ್ಲ. ಬೆಳೆಯುವ ವಿದ್ಯೆಯಷ್ಟೇ ಕಾಪಾಡುವ ವಿದ್ಯೆಯೂ ಚಳಿನಾಡಿನಲ್ಲಿ ಪ್ರಾಣಾಧಾರವಾದುದು.

ಹಾಗಾದರೆ ಈ ನಾಡಿನಲ್ಲಿ ಹಿಂದೆ ಬಾಳಿದವರು ಹೇಗೆ ಬಾಳಿದರು? ಮ್ಯಾಲಿಸೀಟ್ ಮತ್ತು ಮಿಕ್‌ಮಾಕ್ ಎಂಬ ಮೂಲನಿವಾಸಿ ಜನಾಂಗಗಳು ಇಲ್ಲಿನ ನದಿಗಳನ್ನೂ ಕಾಡುಗಳನ್ನೂ ಶತಮಾನಗಳಿಂದ ಬಲ್ಲವು. ಋತುವಿಗೆ ತಕ್ಕಂತೆ ಮೀನು, ಬೇಟೆ, ಹಣ್ಣುಗಳಿರುವೆಡೆಗೆ ಇಡೀ ಬಳಗವೇ ಸಾಗುತ್ತಿತ್ತು. ಒಬ್ಬನ ಬೇಟೆ ಬಳಗದ ಊಟವಾಗಿತ್ತು. ಬ್ರಿಟಿಷರು 1755ರಿಂದ ನೋವಾ ಸ್ಕೋಶಿಯಾ ಪ್ರದೇಶದಿಂದ ಹೊರದೂಡಿದ ಅಕೇಡಿಯನ್ ಎಂಬ ಫ್ರೆಂಚ್ ಭಾಷೆಯ ಜನರಲ್ಲಿ ಕೆಲವರು ಅಲೆದಲೆದು 1785ರಲ್ಲಿ ಸೇಂಟ್ ಜಾನ್ ನದಿಯ ಕಣಿವೆಗೆ ಬಂದು ನೆಲೆಸಿದರು. ಬೇಗ ಮಾಗುವ ಬಕ್‌ವೀಟ್ ಎಂಬ ಧಾನ್ಯ ಅವರ ಸಂತತಿಯವರಿಗೆ ಆಸರೆಯಾಯಿತು. ಅದರ ಹಿಟ್ಟನ್ನು ಕಲಸಿ, ದೋಸೆಯಂತೆ ಕಾವಲಿಯ ಮೇಲೆ ಹೊಯ್ದು, ಮಗುಚದೆ ಒಂದೇ ಮಗ್ಗುಲಲ್ಲಿ ಬೇಯಿಸುವ ‘ಪ್ಲಾಯ್’ ಎಂಬ ತಿನಿಸು ಇಂದಿಗೂ ಆ ಕಣಿವೆಯ ಮನೆಗಳಲ್ಲಿದೆ. ಅವರು ಬಂದುದು ಕುಟುಂಬ ಕುಟುಂಬಗಳಾಗಿ, ನೆಲೆಸಿದುದು ಒಬ್ಬರ ಹೊಲಕ್ಕೆ ಒಬ್ಬರ ಹೊಲ ತಾಗಿರುವಂತೆ.

1870ರ ಜುಲೈ ತಿಂಗಳಿನಲ್ಲಿ ಸ್ವೀಡನ್ ದೇಶದಿಂದ ಐವತ್ತೊಂದು ಮಂದಿ ಇಲ್ಲಿಗೆ ಬಂದು ‘ನ್ಯೂ ಸ್ವೀಡನ್’ ಎಂಬ ಊರನ್ನು ಕಟ್ಟಿದರು. ಅವರು ಚಳಿಗೆ ಹೊಸಬರಲ್ಲ, ಮರಗೆಲಸವನ್ನೂ ಬೇಸಾಯವನ್ನೂ ಬಲ್ಲವರು. ಆದರೂ ಅವರು ಬರಿಗೈಯಲ್ಲಿ ಕಾಡಿಗೆ ನುಗ್ಗಲಿಲ್ಲ. ಮೇನ್ ರಾಜ್ಯದ ಸರ್ಕಾರವು ಕುಟುಂಬಕ್ಕೆ ನೂರು ಎಕರೆಯಂತೆ ನೆಲವನ್ನು ಕೊಟ್ಟಿತು, ಮನೆಗಳನ್ನು ಕಟ್ಟಿಸಿತು, ರಸ್ತೆಯ ಕೆಲಸ ಮಾಡಿದವರಿಗೆ ಪ್ರತಿಯಾಗಿ ದಿನಸಿಯನ್ನು ಒದಗಿಸಿತು. ಈ ಮೂರು ಜನಸಮುದಾಯಗಳ ಭಾಷೆ ಬೇರೆ, ನಡೆನುಡಿ ಬೇರೆ. ಆದರೆ ಒಂದು ಅಂಶದಲ್ಲಿ ಎಲ್ಲರೂ ಸಮಾನರು. ಇವರಲ್ಲಿ ಯಾರೂ ಒಂಟಿಯಾಗಿ ಈ ನಾಡಿನ ಚಳಿಯನ್ನು ಗೆದ್ದವರಲ್ಲ.

ಇನ್ನು, ಸ್ವಾವಲಂಬನೆಯನ್ನು ನಾಡು ಕಳೆದುಕೊಂಡ ಬಗೆಯನ್ನೂ ನೋಡಬೇಕು. 1890ರ ದಶಕದಲ್ಲಿ ಬ್ಯಾಂಗರ್ ನಗರದಿಂದ ಅರೂಸ್ಟುಕ್‌ಗೆ ನೇರವಾದ ರೈಲುಮಾರ್ಗ ಬಂದಿತು. ಆಲೂಗಡ್ಡೆಯನ್ನು ದೂರದ ನಗರಗಳಿಗೆ ಸಾಗಿಸುವುದು ಸುಲಭವಾಯಿತು. ಹೊಲಹೊಲದಲ್ಲಿಯೂ ಅದೇ ಬೆಳೆ ಹರಡಿತು. 1940ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಆಲೂಗಡ್ಡೆ ಬೆಳೆದ ರಾಜ್ಯ ಮೇನ್. ಅದರ ಬಹುಪಾಲು ಈ ಒಂದು ಕೌಂಟಿಯದು. ಸೆಪ್ಟೆಂಬರಿನಲ್ಲಿ ಗಡ್ಡೆ ಕೀಳುವ ಕಾಲಕ್ಕೆ ಶಾಲೆಗಳಿಗೆ ಕೆಲವು ವಾರ ರಜೆ ಕೊಡುತ್ತಿದ್ದರು. ಅದಕ್ಕಾಗಿ ಶಾಲೆಗಳು ಆಗಸ್ಟಿನಲ್ಲಿಯೇ ತೆರೆಯುತ್ತಿದ್ದವು. ಮೂಲನಿವಾಸಿಗಳು ಆ್ಯಶ್ ಮರದ ಸೀಳಿನಿಂದ ಹೆಣೆದ ಬುಟ್ಟಿಗಳನ್ನು ಹಿಡಿದು ಮಕ್ಕಳು ಹಿರಿಯರೊಡನೆ ಗಡ್ಡೆ ಆಯುತ್ತಿದ್ದರು. ಆ ಕೂಲಿಯಿಂದ ಚಳಿಗಾಲದ ಉಡುಪುಗಳನ್ನು ಕೊಳ್ಳುತ್ತಿದ್ದರು. ಯಂತ್ರಗಳು ಬಂದ ಮೇಲೆ ಈ ಪದ್ಧತಿ ಕ್ಷೀಣಿಸಿತು.

ಒಂದೇ ಬೆಳೆಯನ್ನು ನಂಬಿದ ನಾಡು ಆ ಬೆಳೆಯ ಬೆಲೆಯನ್ನೂ ನಂಬಬೇಕಾಗುತ್ತದೆ. ದೂರದ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಉಗ್ರಾಣದ ತುಂಬ ಆಲೂಗಡ್ಡೆಯಿದ್ದರೂ ರೈತನು ಸಾಲಗಾರನಾದನು. ಹಾಸನ ಜಿಲ್ಲೆಯ ಬೆಳೆಗಾರರೂ ಚೆನ್ನಾಗಿ ಬಲ್ಲ ಅಂಗಮಾರಿ ರೋಗದ ಭಯ ಇಲ್ಲಿಯೂ ಇದ್ದೇ ಇತ್ತು. ಐಡಹೊ ಮೊದಲಾದ ಪಶ್ಚಿಮದ ರಾಜ್ಯಗಳು ಪೈಪೋಟಿಯಲ್ಲಿ ಮುಂದಾದವು. ಒಂದು ಕಾಲಕ್ಕೆ ಮೇನ್ ರಾಜ್ಯದಲ್ಲಿ ಎರಡು ಲಕ್ಷ ಎಕರೆಗಳನ್ನು ಮೀರಿದ್ದ ಆಲೂಗಡ್ಡೆಯ ಬೇಸಾಯ ಈಗ ಐವತ್ತು ಸಾವಿರ ಎಕರೆಗಳ ಆಸುಪಾಸಿಗೆ ಇಳಿದಿದೆ. ಲೈಮ್‌ಸ್ಟೋನ್ ಊರಿನಲ್ಲಿದ್ದ ಲೋರಿಂಗ್ ವಾಯುನೆಲೆ 1994ರಲ್ಲಿ ಮುಚ್ಚಿದಾಗ ಸಾವಿರಾರು ಜನ ಊರು ಬಿಟ್ಟರು. 1960ರಲ್ಲಿ 1,06,064 ಇದ್ದ ಜನಸಂಖ್ಯೆ ಅರವತ್ತು ವರ್ಷಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತು. ಮಣ್ಣು ಅದೇ, ನೀರು ಅದೇ, ಕಾಡು ಅದೇ. ಆದರೆ ನಾಡು ಬಡವಾಯಿತು. ಸ್ವಾವಲಂಬನೆಯು ನೆಲದ ಗುಣವೊಂದನ್ನೇ ಆಶ್ರಯಿಸಿಲ್ಲ, ಜನರು ಆ ನೆಲವನ್ನು ಬಳಸುವ ವ್ಯವಸ್ಥೆಯನ್ನೂ ಆಶ್ರಯಿಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅದು ಹಿಂದಿನ ಮಾತು. ಇಂದು ಸೌರಫಲಕಗಳಿವೆ, ಶೀತಕಪೆಟ್ಟಿಗೆಗಳಿವೆ, ಹಿಮವನ್ನು ಬದಿಗೆ ತಳ್ಳುವ ಯಂತ್ರಗಳಿವೆ. ಮೇನ್ ರಾಜ್ಯದ ಮತದಾರರು 2021ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು, ತಮ್ಮ ಆಹಾರವನ್ನು ತಾವೇ ಬೆಳೆದುಕೊಳ್ಳುವ ಮತ್ತು ಬೀಜವನ್ನು ಉಳಿಸಿಕೊಳ್ಳುವ ಹಕ್ಕನ್ನು ಅಮೆರಿಕದ ರಾಜ್ಯಗಳಲ್ಲಿಯೇ ಮೊದಲು ಪಡೆದಿದ್ದಾರೆ. ಹೀಗಿರುವಾಗ ಒಬ್ಬನೇ ಏಕೆ ಬಾಳಬಾರದು ಎಂದು ಕೆಲವರು ಕೇಳಬಹುದು. ಈ ಸಾಧನಗಳು ಬಾಳನ್ನು ಹಗುರಗೊಳಿಸುತ್ತವೆ ಎಂಬುದು ನಿಜ. ಆದರೆ ಅವುಗಳಲ್ಲಿ ಒಂದನ್ನಾದರೂ ಅರೂಸ್ಟುಕ್‌ನ ಒಬ್ಬ ರೈತನು ತನ್ನ ಕೊಟ್ಟಿಗೆಯಲ್ಲಿ ಮಾಡಿಕೊಳ್ಳಲಾರನು. ಸೌರಫಲಕವು ದೂರದ ಕಾರ್ಖಾನೆಯಿಂದ ಬರಬೇಕು. ಕೌಂಟಿಯ ವಿದ್ಯುತ್ ಜಾಲವಂತೂ ತನ್ನದೇ ರಾಜ್ಯದ ದಕ್ಷಿಣ ಭಾಗದ ಜಾಲಕ್ಕೆ ನೇರವಾಗಿ ಸೇರಿಲ್ಲ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಮೂಲಕ ಸೇರಿದೆ. ಉಪ್ಪು, ಕಬ್ಬಿಣ, ಹತ್ತಿ ಇವು ಹೊರಗಿನಿಂದಲೇ ಬರಬೇಕು. ಯಂತ್ರವು ಅವಲಂಬನೆಯನ್ನು ನೀಗಿಸಲಿಲ್ಲ. ಕಣ್ಣಿಗೆ ಕಾಣುವ ನೆರೆಯವನ ಬದಲು ಕಣ್ಣಿಗೆ ಕಾಣದವರನ್ನು ಅವಲಂಬಿಸುವಂತೆ ಮಾಡಿತು.

ಏಕಾಂತ ಜೀವನಕ್ಕೆ ಮಾದರಿಯೆಂದು ಹೆನ್ರಿ ಡೇವಿಡ್ ಥೋರೊನನ್ನು ಹೆಸರಿಸುವವರುಂಟು. ಅವನು ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಡನ್ ಸರೋವರದ ದಡದಲ್ಲಿ 1845ರಿಂದ 1847ರವರೆಗೆ ಎರಡು ವರ್ಷ ಎರಡು ತಿಂಗಳು ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಬಾಳಿದನು. ಆದರೆ ಆ ನೆಲ ಅವನ ಗೆಳೆಯ ಎಮರ್ಸನ್ನನದು. ಮರ ಕಡಿಯಲು ಹಿಡಿದ ಕೊಡಲಿ ಎರವಲು ತಂದುದು. ಕಾಂಕರ್ಡ್ ಊರು ಕಾಲ್ನಡಿಗೆಯ ದೂರದಲ್ಲಿದ್ದು ಅವನು ಅಲ್ಲಿಗೆ ಹೋಗಿ ಬರುತ್ತಿದ್ದನು. ಇದರಿಂದ ಥೋರೊನ ಹಿರಿಮೆಗೆ ಕುಂದಿಲ್ಲ. ಅಗತ್ಯಗಳನ್ನು ಎಷ್ಟು ಕಡಿಮೆ ಮಾಡಿಕೊಳ್ಳಬಹುದು ಎಂಬುದನ್ನು ತಿಳಿಯಲು ಅವನು ಹೊರಟನು. ನೆರೆಹೊರೆ ಬೇಡವೆಂದು ಸಾಧಿಸಲು ಅಲ್ಲ.

ಅರೂಸ್ಟುಕ್‌ನಲ್ಲಿ ನೆಲೆಸಬಯಸುವವನು ಮಣ್ಣಿನ ಪರೀಕ್ಷೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು. ಫೆಬ್ರವರಿಯ ನಡುರಾತ್ರಿಯಲ್ಲಿ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಯಾರ ಬಾಗಿಲನ್ನು ತಟ್ಟಬೇಕು? ಜನಸಂಖ್ಯೆ ಕುಗ್ಗಿದಂತೆ ಈ ಪ್ರಶ್ನೆ ಕಠಿಣವಾಗುತ್ತಿದೆ. ಫೋರ್ಟ್ ಕೆಂಟ್ ಪಟ್ಟಣದ ಆಸ್ಪತ್ರೆಯಲ್ಲಿ 2023ರಲ್ಲಿಯೂ ಹೋಲ್ಟನ್ ಪಟ್ಟಣದ ಆಸ್ಪತ್ರೆಯಲ್ಲಿ 2025ರಲ್ಲಿಯೂ ಹೆರಿಗೆಯ ವಿಭಾಗಗಳು ಮುಚ್ಚಿದವು. ಆ ಊರುಗಳ ಗರ್ಭಿಣಿಯರು ಈಗ ಹಿಮ ಮುಚ್ಚಿದ ದಾರಿಯಲ್ಲಿ ಬೇರೊಂದು ಪಟ್ಟಣಕ್ಕೆ ಹೋಗಬೇಕು. ಒಂದು ಎಕರೆಗೆ ಎಷ್ಟು ಆಲೂಗಡ್ಡೆ ಬೆಳೆಯುತ್ತದೆ ಎಂಬ ಲೆಕ್ಕದಿಂದ ಈ ಕೊರತೆ ತುಂಬುವುದಿಲ್ಲ. ಜನರಿದ್ದರೆ ಶಾಲೆ ಉಳಿಯುತ್ತದೆ, ಆಸ್ಪತ್ರೆ ಉಳಿಯುತ್ತದೆ, ಹಿಮ ಸರಿಸುವ ರಸ್ತೆ ಉಳಿಯುತ್ತದೆ. ಆದುದರಿಂದ ಜನರಿಂದ ದೂರವಾಗಲೆಂದೇ ಅಲ್ಲಿಗೆ ಬಂದು ಬೇಲಿ ಹಾಕಿಕೊಳ್ಳುವವನು ತನ್ನ ಬಾಳಿಗೆ ಆಧಾರವಾದುದನ್ನೇ ದುರ್ಬಲಗೊಳಿಸುತ್ತಾನೆ.

ಇದಕ್ಕೆ ಬೇರೆ ದಾರಿಯನ್ನು ತೋರಿದವರೂ ಅದೇ ಕೌಂಟಿಯಲ್ಲಿದ್ದಾರೆ. ಆಮಿಶ್ ಎಂಬ ಕ್ರೈಸ್ತ ಪಂಥದ ಕೆಲವು ಕುಟುಂಬಗಳು 1990ರ ದಶಕದಲ್ಲಿ ದಕ್ಷಿಣ ಭಾಗದ ಸ್ಮಿರ್ನ ಎಂಬ ಊರಿಗೆ ಬಂದು ನೆಲೆಸಿದವು. ಅವರು ಕುದುರೆಬಂಡಿಗಳಲ್ಲಿ ಸಂಚರಿಸುತ್ತಾರೆ. ಬೇಸಾಯದ ಜೊತೆಗೆ ಮರಗೆಲಸ ಮೊದಲಾದ ಕಸುಬುಗಳನ್ನು ನಡೆಸಿ, ತಾವು ಮಾಡಿದ ವಸ್ತುಗಳನ್ನು ಸುತ್ತಮುತ್ತಲಿನವರಿಗೆ ಮಾರುತ್ತಾರೆ. ಒಬ್ಬರಿಗೆ ಕೊಟ್ಟಿಗೆ ಬೇಕಾದರೆ ಎಲ್ಲರೂ ಕೂಡಿ ಅದನ್ನು ಎತ್ತಿ ನಿಲ್ಲಿಸುವುದು ಆ ಪಂಥದ ವಾಡಿಕೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ನಾಟಿ, ಕೊಯ್ಲುಗಳ ಕಾಲಕ್ಕೆ ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿಯೂ ಇದೇ ತತ್ತ್ವವನ್ನು ಆಧರಿಸಿದುದು. ಇಂದು ನಿನ್ನ ಗದ್ದೆಯಲ್ಲಿ ನನ್ನ ಕೈ, ನಾಳೆ ನನ್ನ ಗದ್ದೆಯಲ್ಲಿ ನಿನ್ನ ಕೈ. ಅದರಲ್ಲಿ ಹಂಗೂ ಇಲ್ಲ, ದಾನವೂ ಇಲ್ಲ. ಮಹಾತ್ಮ ಗಾಂಧಿಯವರು ಸ್ವಾವಲಂಬನೆಯನ್ನು ಚಿಂತಿಸಿದಾಗ ಅದರ ಘಟಕವಾಗಿ ಗ್ರಾಮವನ್ನು ಆರಿಸಿಕೊಂಡುದರ ಔಚಿತ್ಯ ಇಲ್ಲಿ ತಿಳಿಯುತ್ತದೆ. ಅನ್ನ, ಬಟ್ಟೆಗಳಂಥ ಮೂಲ ಅಗತ್ಯಗಳಲ್ಲಿ ಗ್ರಾಮವು ತನ್ನ ಕಾಲ ಮೇಲೆ ನಿಲ್ಲಬೇಕು. ಉಳಿದುದರಲ್ಲಿ ಗ್ರಾಮಗಳು ಒಂದನ್ನೊಂದು ಆಶ್ರಯಿಸಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ಹೀಗೆ ನೋಡಿದಾಗ ಅರೂಸ್ಟುಕ್ ಕೌಂಟಿಯು ಸ್ವಾವಲಂಬಿ ಜೀವನಕ್ಕೆ ತಕ್ಕ ನಾಡೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ನೀರು, ಸೌದೆ, ಆಹಾರ ಈ ಮೂರರಲ್ಲಿ ಅದು ಧಾರಾಳಿ. ಚಳಿಯು ಕಠಿಣವಾದರೂ ಮುಂದಾಲೋಚನೆಯುಳ್ಳವರಿಗೆ ಗೆಲ್ಲಬಹುದಾದುದು. ಎರಡು ಚಳಿಗಾಲಗಳಿಗಾಗುವಷ್ಟು ಸಿದ್ಧತೆ, ಹಲವು ಬೆಳೆಗಳ ಬೇಸಾಯ, ಸಂಸಾರಕ್ಕೆ ಆಧಾರವಾಗುವ ಒಂದು ಕಸುಬು ಇವುಗಳೊಡನೆ ಬಂದು, ನೆರೆಯವರ ಕಷ್ಟಕ್ಕೆ ಹೆಗಲು ಕೊಡುವ ಕುಟುಂಬಕ್ಕೆ ಆ ನಾಡಿನಲ್ಲಿ ನೆಲೆಯುಂಟು. ಅಷ್ಟೇ ಅಲ್ಲ, ಅಂಥ ಕುಟುಂಬಗಳು ಆ ನಾಡಿಗೂ ಬೇಕಾಗಿವೆ. ಯಾರ ಸಂಗವೂ ಬೇಡವೆಂದು ಹೊರಟವನು ಮಾತ್ರ ಅಲ್ಲಿಗೆ ಹೋಗುವ ಮುನ್ನ ಮತ್ತೊಮ್ಮೆ ಯೋಚಿಸುವುದು ಒಳ್ಳೆಯದು. ಅವನ ಮೊದಲನೆಯ ಚಳಿಗಾಲದ ಸೌದೆಯನ್ನು ಹಿಂದಿನ ವರ್ಷವೇ ಕಡಿದು ಒಣಗಿಸಿಟ್ಟವರು ಬೇರೆಯವರು.